ಗರಡಿ ಬಾಗಿಲಲ್ಲಿ ಪಾಪಕ್ಕ

ಗಂಡ ಅಂದು ಗರಡಿಯ ಯಾವ ಮಿಷನ್ನಿನ ಮೇಲೆ ಕೂತೆದ್ದು ಬಂದಿದ್ದಾನೆಂದು ಪಾಪಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಂಜೆ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಮೈ ನೀವಲು ಕೂತರೆ ಅವಳ ಕೈಗೇ ಗೊತ್ತಾಗುತ್ತಿತ್ತು. ಸೈಕಲ್ಲು ತುಳಿದ ದಿನ ಬಲತೊಡೆ ಕಲ್ಲಾಗಿರುತ್ತಿತ್ತು, ಎಡತೊಡೆ ನೆನೆದ ಬಟ್ಟೆಯಂತೆ ಜೋತುಬಿದ್ದಿರುತ್ತಿತ್ತು. ಅಂದರೆ ತುಳಿದದ್ದೆಲ್ಲ ಬಲಗಾಲು, ಎಡಗಾಲು ಪೆಡಲಿನ ಮೇಲೆ ಕೂತು ಬಿಟ್ಟಿ ಸವಾರಿ ಮಾಡಿದೆ. ರಾಟೆಯ ಹಗ್ಗ ಎಳೆದ ದಿನ ಎಡ ಹೆಗಲಿನ ಕೀಲಿನ ಕೆಳಗೆ ಬೆರಳು ಹೂತುಹೋಗುವಷ್ಟು ಹಳ್ಳ ಬಿದ್ದಿರುತ್ತಿತ್ತು. ಬಲಗೈ ಜಗ್ಗಿದಷ್ಟೂ ಎಡಗೈ ಮೇಲಕ್ಕೇನೋ ಹೋಗುತ್ತಿತ್ತು, ಆದರೆ ಹೆಗಲು ಅದರ ಜೊತೆ ಹೋಗುತ್ತಿರಲಿಲ್ಲ. ನಿಂತಲ್ಲೇ ನಡೆಯುವ ಪಟ್ಟಿಯ ಮಿಷನ್ನನ್ನು ಅವನು ಹತ್ತಿದ್ದು ಒಂದೇ ಸಲ. ಆ ಸಂಜೆ ಮೊಣಕಾಲಿನ ಚರ್ಮವೆಲ್ಲ ಕಿತ್ತುಬಂದಿತ್ತು.

ಅವನೆಂದರೆ ಆದಿನಾರಾಯಣಪ್ಪ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬೀದಿಗಳ ಹಿಂದಿದ್ದ ಹಳೇ ಗರಡಿಗೆ ಮೂವತ್ತು ವರ್ಷ ಉಸ್ತಾದನಾಗಿದ್ದವನು. ಅವನ ಕೈಕೆಳಗೆ ಸಾಮು ಮಾಡಿದ ಪೈಲ್ವಾನರು ನೆಲಮಂಗಲದಿಂದ ಹೊಸಕೋಟೆಯವರೆಗೂ ಇದ್ದರು. ಹಾದಿಯಲ್ಲಿ ಸಿಕ್ಕರೆ ನಲವತ್ತು ದಾಟಿದ ಗಂಡಸರು ಕೂಡ ಬಾಯಲ್ಲಿದ್ದ ಬೀಡಿ ಬಿಸಾಕಿ ಕೈಮುಗಿಯುತ್ತಿದ್ದರು. ಅಂಥವನು ತೊಂಬತ್ತೇಳನೇ ಇಸವಿಯ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮುಖ ತೊಳೆಯಲು ಕೂತು, ಹಾಗೇ ಎಡಕ್ಕೆ ವಾಲಿಬಿಟ್ಟ. ಲಕ್ವ. ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು ಮಲಗಿದ. ಅಷ್ಟು ದಿನವೂ ಪಾಪಕ್ಕ ಅವನ ಮಂಚದ ಕೆಳಗೇ ಚಾಪೆ ಹಾಸಿಕೊಂಡಿದ್ದಳು.

ಅವರು ಊರಿಗೆ ಮರಳುವ ಹೊತ್ತಿಗೆ ಗರಡಿಗೆ ಮಿಷನ್ನುಗಳು ಬಂದಿದ್ದವು. ಮಗ ಹರಿಪ್ರಸಾದ್ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ಬೆಂಗಳೂರಿನಲ್ಲಿ ಮುಚ್ಚಿಹೋದ ಯಾವುದೋ ಜಿಮ್ಮಿನ ಸಾಮಾನು ಅಗ್ಗಕ್ಕೆ ಸಿಕ್ಕಿತೆಂದು ಲಾರಿ ಮಾಡಿ ತಂದಿದ್ದ. ದಂಡ ಬಸ್ಕಿ ಹೊಡೆದು ಮೈಗೆ ಮಣ್ಣು ಮೆತ್ತಿಕೊಳ್ಳಲು ಈಗಿನ ಹುಡುಗರಿಗೆ ಪುರಸೊತ್ತೆಲ್ಲಿದೆ? ತೋಳು ಉಬ್ಬಬೇಕು, ಉಬ್ಬಿದ್ದು ಕನ್ನಡಿಯಲ್ಲಿ ಕಾಣಬೇಕು, ಅಷ್ಟೇ. ಬೆಳಿಗ್ಗೆ ಸಂಜೆ ಹುಡುಗರು ಸಾಲುಗಟ್ಟಿ ಬರತೊಡಗಿದರು. ಉಸ್ತಾದ ಇದಕ್ಕೆ ಕೆಂಡಾಮಂಡಲವಾಗುತ್ತಾನೆಂದು ಪಾಪಕ್ಕ ಕಾದಳು. ಆದರೆ ಅವನು ಮಾರನೇ ದಿನವೇ ಕೋಲೂರಿಕೊಂಡು ಗರಡಿಯ ಕಡೆ ಹೊರಟ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಹುಡುಗಿ ಪಾಪಕ್ಕನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದ್ದಳು. "ಸೈಕಲ್ ತುಳೀಬಹುದು, ರಾಟೆ ಎಳೀಬಹುದು, ಎರಡೇ. ಭಾರ ಎತ್ತೋದು ಮಾತ್ರ ಬೇಡವೇ ಬೇಡ. ಅವ್ರಿಗೆ ಉಸಿರು ಕಟ್ಟಿ ಎತ್ತೋ ಅಭ್ಯಾಸ ಇದೆ ಅಮ್ಮ. ಉಸಿರು ಕಟ್ಟಿದ್ರೆ ಬಿ.ಪಿ. ಸರ್‍ರಂತ ಏರ್ತದೆ, ಈ ಸಲ ತಡ್ಕೊಳ್ಳಲ್ಲ. ಏನೇ ಮಾಡಿದ್ರೂ ಬಾಯ್ಬಿಟ್ಟು ಎಣಿಸ್ತಾ ಮಾಡ್ಲಿ. ಎಣಿಸ್ತಾ ಇದ್ರೆ ಉಸಿರು ಕಟ್ಟೋಕಾಗಲ್ಲ."

ಪಾಪಕ್ಕ ಇದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಂಡ ಬದುಕಿ ಉಳಿಯಬೇಕಾದರೆ ಅವನ ಎಣಿಕೆ ಅವಳ ಕಿವಿಗೆ ಬೀಳುತ್ತಿರಬೇಕು. ಒಳಗೆ ಹೋಗಿ ಎದುರು ಕೂತು ಎಣಿಸುವ ಹಾಗಿದ್ದಿದ್ದರೆ ಕತೆಯೇ ಬೇರೆ. ಗರಡಿಗೆ ಹೆಂಗಸು ಕಾಲಿಡುವಂತಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಅಮ್ಮಯಮ್ಮ ಅವಳನ್ನು ಕೂರಿಸಿಕೊಂಡು ಹೇಳಿದ್ದಳು. ಹಿಂದೆ ಯಾವಳೋ ಒಬ್ಬಳು ಅಣ್ಣನಿಗೆ ಬುತ್ತಿ ಕೊಡುವ ಅವಸರದಲ್ಲಿ ಒಳಗೆ ನುಗ್ಗಿದಳಂತೆ. ಅದೇ ದಿನ ಕುಸ್ತಿಯಲ್ಲಿ ಆ ಅಣ್ಣನ ಕುತ್ತಿಗೆ ಮುರಿಯಿತಂತೆ. "ಹೆಂಗಸು ಹೊಸಿಲು ದಾಟಿದ್ರೆ ಆ ಮಣ್ಣು ಸುಮ್ನಿರಾಕಿಲ್ಲ ಕಣೇ. ಮಣ್ಣು ಹಿಡಿದೋನ ಮೈಗೇ ಬರ್ತದೆ" ಎಂದು ಅಮ್ಮಯಮ್ಮ ಕಣ್ಣರಳಿಸಿ ಹೇಳಿದ್ದು ಪಾಪಕ್ಕನ ಎದೆಯಲ್ಲಿ ಕೂತುಬಿಟ್ಟಿತ್ತು. ಅಂದಿನಿಂದ ಅವಳು ಆ ಬಾಗಿಲ ಮುಂದೆ ಹಾಯುವಾಗಲೂ ಸೆರಗು ಎಳೆದುಕೊಂಡು ಬೀದಿಯ ಆಚೆ ಬದಿಗೆ ಸರಿದೇ ನಡೆದಿದ್ದಳು. ಗರಡಿಯ ಬಾಗಿಲೂ ಹಾಗೇ ಇತ್ತು. ಗಂಡಸರೇ ತಲೆ ತಗ್ಗಿಸಿ ನುಸುಳಬೇಕು, ನುಸುಳಿದರೆ ಎದುರಿಗೆ ಅಡ್ಡಗೋಡೆ. ಹೊರಗಿನವರಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ.

ಹೀಗಾಗಿ ಅವಳು ಕಿವಿಯಲ್ಲೇ ಕಾವಲು ಕೂತಳು. ಬೆಳಗಿನ ಹುಡುಗರು ಹೋಗಿ, ಹರಿಪ್ರಸಾದ್ ಪಾಳಿಗೆ ಹೊರಟ ಮೇಲೆ ಗರಡಿ ಖಾಲಿ. ಆಗ ಗಂಡನನ್ನು ಕರೆದುಕೊಂಡು ಹೋಗಿ, ಬೀಗ ತೆಗೆದು, ಹೊಸಿಲವರೆಗೆ ಬಿಟ್ಟು, ಹೊರಗಿನ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಸೈಕಲ್ಲು ಕಿರ್‍ರೋ ಎನ್ನುತ್ತಿತ್ತು. ರಾಟೆ ಕಟಕಟ ಎನ್ನುತ್ತಿತ್ತು. ಅದರ ಮೇಲೆ ಗಂಡನ ತೊದಲು ಎಣಿಕೆ. ಹತ್ತಕ್ಕೆ ಬಂದರೆ ಮತ್ತೆ ಒಂದರಿಂದ. ಎಣಿಕೆ ಒಂಚೂರು ತಡವಾದರೆ ಅವಳ ಕೈ ಮೊರದಲ್ಲೇ ನಿಲ್ಲುತ್ತಿತ್ತು. "ಏನ್ರೀ" ಎಂದು ಕೂಗುತ್ತಿದ್ದಳು. "ಇದೀನಿ ಕಣೇ, ಸತ್ತಿಲ್ಲ" ಎಂದು ಒಳಗಿಂದ ಗದರಿಕೆ ಬರುತ್ತಿತ್ತು. ಆ ಗದರಿಕೆ ಕೇಳಿದರೆ ಅವಳಿಗೆ ಹಾಲು ಕುಡಿದಷ್ಟು ಸಮಾಧಾನ.

ಒಂದು ದಿನ ಅವಳು ಹೊಸಿಲ ಬಳಿ ನಿಂತು, "ಒಳಗಿನವರೆಗೂ ನಾನೇ ಹಿಡ್ಕೊಂಡು ಬರ್ತೀನಿ, ಯಾರೂ ನೋಡಲ್ಲ" ಅಂದಿದ್ದುಂಟು. ಅವನ ಮುಖ ಕಪ್ಪಿಟ್ಟಿತು. "ಲೇ ಇವ್ಳೇ, ಅರ್ಧ ಮೈ ಬಿದ್ದೋದ್ರೂ ನಾನಿನ್ನೂ ಈ ಗರಡಿ ಉಸ್ತಾದ. ನೆಪ್ಪಿರ್ಲಿ" ಅಂದ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಭಾದ್ರಪದದಲ್ಲಿ ಅವಳ ಕೈಗೆ ಹೊಸದೊಂದು ಸಿಕ್ಕಿತು. ಎಣ್ಣೆ ತಿಕ್ಕುವಾಗ ಬಲ ಎದೆಯ ಮಾಂಸ ಬಿಗಿದುಕೊಂಡಿತ್ತು. ಕುತ್ತಿಗೆಯ ನರ ದಾರದಂತೆ ಎದ್ದುನಿಂತಿತ್ತು. ಬಲಗಣ್ಣಿನ ಬಿಳಿಯಲ್ಲಿ ರಕ್ತ ಇಳಿದಿತ್ತು. ಎಡ ಮುಂಗೈ ಸುತ್ತ ಬಟ್ಟೆ ಬಿಗಿದು ಕಟ್ಟಿದ ಕೆಂಪು ಗೆರೆ. ಸೈಕಲ್ಲಿಗೂ ರಾಟೆಗೂ ಇಂಥ ಮೈ ಬರುವುದಿಲ್ಲ.

"ಭಾರ ಎತ್ತಿದ್ರಾ?" ಅಂದಳು.

"ಬಾಗ್ಲಾಚೆ ಕೂತೋಳಿಗೆ ಒಳಗಿಂದೇನು ಗೊತ್ತು?" ಅಂದ.

"ನಿಮ್ಮ ಮೈ ಹೇಳ್ತಾ ಐತೆ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಹಾಗೇ ತಾನಾಗಿಯೇ ಬಾಯಿಬಿಟ್ಟ. "ಸೈಕಲ್ಲು ತುಳಿದ್ರೆ ಆ ಕಾಲು ಬದುಕಿರೋದು ಗೊತ್ತೇ ಆಗಲ್ಲ ಕಣೇ. ಅಂಗಾತ ಮಲಗಿ ಭಾರ ನೂಕಿದ್ರೆ ಮಾತ್ರ ಎಡಗೈಯೊಳಗೆ ಏನೋ ಝುಂ ಅಂತದೆ. ಒಂಚೂರು. ಆಯುಧಪೂಜೆ ದಿನ ಹುಡುಗರೆಲ್ಲ ಬರ್ತಾರೆ. ಯಾರ ಕೈನೂ ಹಿಡೀದೆ ಅವರ ಮುಂದೆ ನಿಂತ್ಕೋಬೇಕು. ಅಷ್ಟಾದ್ರೆ ಸಾಕು ನಂಗೆ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಅವಳಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು. ಅವಳಿಗೆ ಅಳು ಬಂತು. ಅಳುತ್ತಲೇ ಮಗನಿಗೆ ಹೇಳಿದಳು. ಹರಿಪ್ರಸಾದ್ ಅಪ್ಪನ ಮೇಲೆ ಕೂಗಾಡಿದ, ಕಬ್ಬಿಣದ ಬಿಲ್ಲೆಗಳನ್ನು ಹಿಡಿದಿಡುವ ಕಡ್ಡಿಯನ್ನು ಕಿತ್ತು ಮನೆಗೆ ತಂದು ಬಚ್ಚಿಟ್ಟ. ಕಡ್ಡಿಯಿಲ್ಲದೆ ಮಿಷನ್ನು ಏಳುವುದಿಲ್ಲ ಎಂದು ಅಮ್ಮನಿಗೆ ಧೈರ್ಯ ಹೇಳಿದ. ಅಪ್ಪ ಕಡ್ಡಿಯಿದ್ದ ಸಂದಿಗೆ ದಪ್ಪನೆಯ ಮೊಳೆಯೊಂದನ್ನು ತೂರಿಸಿಕೊಂಡಾನೆಂದು ಅವನಿಗೆ ಹೊಳೆಯಲಿಲ್ಲ. ಪಾಪಕ್ಕ ಒಮ್ಮೆ ಗರಡಿಯ ಬೀಗದಕೈಯನ್ನೇ ರಾಗಿ ಗುಡಾಣದಲ್ಲಿ ಅಡಗಿಸಿದಳು. ಅವನು ಊಟ ಬಿಟ್ಟು ಮಲಗಿದ. ಜಪ್ಪಯ್ಯ ಎಂದರೂ ಏಳಲಿಲ್ಲ. ಕೊನೆಗೆ ಅವಳೇ ಸೋತು ಬೀಗದಕೈ ತೆಗೆದುಕೊಟ್ಟಳು.

ನವರಾತ್ರಿಗೆ ಇನ್ನೊಂದು ವಾರವಿತ್ತು. ಅಂದು ಅವನು ಎಂದಿಗಿಂತ ಚುರುಕಾಗಿದ್ದ. ಹೊಸಿಲ ಬಳಿ ಅವಳ ಕೈ ಬಿಡಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ತಲೆ ತಗ್ಗಿಸಿ ಒಳಗೆ ನುಸುಳಿದ. ಪಾಪಕ್ಕ ಜಗಲಿಯ ಮೇಲೆ ಕೂತು ಅಕ್ಕಿ ಆರಿಸತೊಡಗಿದಳು. ಸುತ್ತ ಮಗ್ಗಗಳ ಖಟಪಟ. ಅದರ ನಡುವೆಯೂ ಸೈಕಲ್ಲಿನ ದನಿ ಅವಳಿಗೆ ಕೇಳಿಸುತ್ತಿತ್ತು, ಎಣಿಕೆಯೂ ಕೇಳಿಸುತ್ತಿತ್ತು. ಆಮೇಲೆ ಸೈಕಲ್ಲು ನಿಂತಿತು. ರಾಟೆಯ ಕಟಕಟ ಶುರುವಾಗಲಿಲ್ಲ.

ಅವಳು ಕಾದಳು. ಕಬ್ಬಿಣಕ್ಕೆ ಕಬ್ಬಿಣ ತಾಕಿದ ದನಿ ಬಂತು. ಎಣಿಕೆ ಇಲ್ಲ.

"ಏನ್ರೀ, ಎಣಿಸ್ರೀ" ಅಂದಳು.

"ಸುಮ್ನಿರೇ."

ಮತ್ತೆ ಧಡ್ ಎಂದಿತು. ಎಣಿಕೆ ಇಲ್ಲ. ಅವಳು ಮೊರ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತಳು. "ನಿಮಗೆ ಕೈ ಮುಗೀತೀನಿ, ಬಾಯ್ಬಿಟ್ಟು ಎಣಿಸ್ರೀ" ಅಂದಳು. ಒಳಗೆ ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಎಳೆದುಕೊಂಡದ್ದು ಕೇಳಿಸಿತೇ ಹೊರತು ಬಿಟ್ಟದ್ದು ಕೇಳಿಸಲಿಲ್ಲ. ಬಿಲ್ಲೆಗಳೆಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಅದಾದ ಮೇಲೆ ಬಂದದ್ದು ಮಾತೂ ಅಲ್ಲ, ನರಳಿಕೆಯೂ ಅಲ್ಲ. ಗಂಟಲಲ್ಲಿ ನೀರು ತುಂಬಿಕೊಂಡವರು ಉಸಿರಾಡುವಂಥ ಗೊರಗೊರ ಸದ್ದು.

ಪಾಪಕ್ಕನ ಬಲಗಾಲು ಆಗಲೇ ಹೊಸಿಲ ಮೇಲಿತ್ತು. ಇನ್ನೊಂದು ಹೆಜ್ಜೆ ಎತ್ತಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅಮ್ಮಯಮ್ಮ ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತಾಯಿತು. ಮಣ್ಣು ಹಿಡಿದೋನ ಮೈಗೇ ಬರ್ತದೆ. ಒಳಗಿರುವವನು ಇನ್ನೂ ಉಸಿರಾಡುತ್ತಿದ್ದಾನೆ. ತಾನು ಕಾಲಿಟ್ಟರೆ ಆ ಉಸಿರೇ ನಿಂತುಹೋದರೆ? ಅವಳು ಕಾಲನ್ನು ಹಿಂದಕ್ಕೆ ತೆಗೆದಳು. ತನ್ನ ಜೀವಕ್ಕೆ ಹೆದರಿ ತೆಗೆದದ್ದಲ್ಲ, ಅವನು ಉಳಿಯಲಿ ಎಂದು ತೆಗೆದದ್ದು.

ಆಮೇಲೆ ಓಡಿದಳು. ಮನೆಯಲ್ಲಿ ಸೊಸೆಯೂ ಇರಲಿಲ್ಲ, ತವರಿಗೆ ಹೋಗಿದ್ದಳು. ಎದುರು ಮನೆಯ ಭಾಗ್ಯಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು, ಗರಡಿಯ ಬಾಗಿಲವರೆಗೂ ಬಂದಳು, ಅಲ್ಲಿ ಅವಳ ಕಾಲೂ ನಿಂತಿತು. "ನಾವು ಹೋಗಂಗಿಲ್ಲ ಪಾಪಕ್ಕ, ಯಾರಾದ್ರೂ ಗಂಡಸರನ್ನ ಕರೀರಿ" ಅಂದಳು. ಬೀದಿಯಲ್ಲಿ ಗಂಡಸರಿಗೇನು ಬರಗಾಲವಿರಲಿಲ್ಲ, ಎಲ್ಲರೂ ಮಗ್ಗದ ಮುಂದೆ ಇದ್ದರು. ಆ ಗದ್ದಲದಲ್ಲಿ ಅವಳ ಕೂಗು ಅವರ ಕಿವಿಗೆ ಬೀಳಲಿಲ್ಲ. ಮೊದಲನೇ ಶೆಡ್ಡಿನಲ್ಲಿದ್ದವನು ಅವಳ ಬಾಯಿ ಆಡುವುದನ್ನಷ್ಟೇ ನೋಡಿ, ಕೂಲಿ ಮಾತಿಗೆ ಬಂದಿದ್ದಾಳೆಂದು ಕೈಯಲ್ಲೇ ತಾಳು ಎಂದು ಸನ್ನೆ ಮಾಡಿದ. ಅವಳು ಮೂಲೆಯ ಸೈಕಲ್ ಶಾಪಿಗೆ ಓಡಿದಳು. ಅಲ್ಲಿನ ಚಿಕ್ಕಬೀರಪ್ಪ ಟೈರು ಬಿಸಾಕಿ ಎದ್ದು, ಅವಳನ್ನು ಹಿಂದೆ ಬಿಟ್ಟು ಓಡಿಬಂದ. ಒಳಗೆ ಹೋದವನು ಹೊರಗಿದ್ದವರಿಗೆ ಚಾಕು ತನ್ನಿ ಎಂದು ಕೂಗಿದ. ಆದಿನಾರಾಯಣಪ್ಪ ಜೋತುಬಿದ್ದ ಎಡಗೈಯನ್ನು ಟವೆಲಿನಿಂದ ಹಿಡಿಕೆಗೆ ಬಿಗಿದುಕೊಂಡು, ಹಲ್ಲಿನಲ್ಲಿ ಗಂಟು ಎಳೆದಿದ್ದ. ಆ ಗಂಟು ಬಿಚ್ಚಲು ಯಾರಿಂದಲೂ ಆಗಲಿಲ್ಲ, ಟವೆಲನ್ನು ಕೊಯ್ಯಬೇಕಾಯಿತು.

ಆಟೋದಲ್ಲಿ ಪಾಪಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮುಖ ನೀಲಿಗಟ್ಟಿತ್ತು, ಮೈ ಇನ್ನೂ ಬೆಚ್ಚಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಎದೆಗೆ ಕೊಳವೆ ಇಟ್ಟು, ತಲೆ ಆಡಿಸಿದರು. ಹರಿಪ್ರಸಾದ್ ಫ್ಯಾಕ್ಟರಿಯಿಂದ ಬಂದ ಮೇಲೆ ಅವನಿಗೆ ಹೇಳಿದರು: "ಮತ್ತೆ ಲಕ್ವ ಹೊಡೆದಿದೆ. ಆದ್ರೆ ಪ್ರಾಣ ಹೋಗಿರೋದು ಅದರಿಂದಲ್ಲ. ಅಂಗಾತ ಬಿದ್ದಿದ್ದಾಗ ವಾಂತಿ ಆಗಿ, ಅದು ಉಸಿರಿನ ನಾಳಕ್ಕೆ ಇಳಿದಿದೆ. ಯಾರಾದ್ರೂ ಒಂದು ಮಗ್ಗುಲಿಗೆ ಹೊರಳಿಸಿದ್ರೆ ಇಲ್ಲಿವರೆಗೂ ಜೀವ ಇರ್ತಿತ್ತೇನೋ. ಜೊತೇಲಿ ಯಾರೂ ಇರ್ಲಿಲ್ವಾ?"

"ಇದ್ದೆ" ಅಂದಳು ಪಾಪಕ್ಕ.

ಡಾಕ್ಟರು ಅವಳ ಮುಖ ನೋಡಿ ಹೊರಟುಹೋದರು. ಮಗ್ಗುಲಿಗೆ ಹೊರಳಿಸುವುದು. ದಿನಾ ಸಂಜೆ ಅವಳು ಮಾಡುತ್ತಿದ್ದದ್ದೇ ಅದು. ಎಡ ಹೆಗಲಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಕೊಟ್ಟು, ಆ ಭಾರವಾದ ಮೈಯನ್ನು ಮಗುವಿನಂತೆ ಹೊರಳಿಸಿ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ದೊಡ್ಡಬಳ್ಳಾಪುರದಲ್ಲಿ ಆ ಮೈಯನ್ನು ಹೊರಳಿಸಲು ಬರುತ್ತಿದ್ದದ್ದು ಅವಳೊಬ್ಬಳಿಗೆ.

ತಿಥಿಯ ದಿನ ಪೈಲ್ವಾನರೆಲ್ಲ ಬಂದರು. ಅನುಗೊಂಡನಹಳ್ಳಿಯಿಂದ ಉಸ್ತಾದನ ಓರಗೆಯ ಅಪ್ಪಯ್ಯಣ್ಣ ಬಂದಿದ್ದ. ಎಲೆಯ ಮುಂದೆ ಕೂತವರಿಗೆಲ್ಲ ಕೇಳುವಂತೆ ಆ ಮುದುಕ ಹೇಳಿದ, "ನಮ್ಮ ಪಾಪಕ್ಕ ಗಂಡನ ಪ್ರಾಣ ಹೋಗ್ತಿದ್ರೂ ಗರಡಿ ಕಟ್ಟಳೆ ಮೀರ್ಲಿಲ್ಲ ಕಣ್ರಪ್ಪ. ಇಂಥೋರು ಈಗ ಎಲ್ಲವ್ರೆ?" ಕೂತವರೆಲ್ಲ ತಲೆದೂಗಿದರು. ಹರಿಪ್ರಸಾದ್ ಮಾತ್ರ ಸಾಂಬಾರಿನ ಬಕೆಟ್ಟು ಅಲ್ಲೇ ಇಟ್ಟು ಹಿತ್ತಲಿಗೆ ಹೋದ. ಪಾಪಕ್ಕ ಅದನ್ನು ಗಮನಿಸಲಿಲ್ಲ. ಅಪ್ಪಯ್ಯಣ್ಣನ ಮಾತು ಅವಳಿಗೆ ಕೈಗೆ ಸಿಕ್ಕ ಗೋಡೆಯಂತಾಗಿತ್ತು. ತಾನು ತಪ್ಪು ಮಾಡಲಿಲ್ಲ, ಮಾಡಬೇಕಾದ್ದನ್ನೇ ಮಾಡಿದೆ. ಅದನ್ನೇ ಒರಗಿಕೊಂಡು ಅಂದು ಅವಳು ಅಷ್ಟು ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಮಾರನೇ ಬೆಳಿಗ್ಗೆ ಹರಿಪ್ರಸಾದ್ ಗರಡಿಯ ಬೀಗ ತೆಗೆದುಬಂದ. ಹುಡುಗರು ಸಂಜೆಯಿಂದ ಬರುತ್ತಾರೆ ಎಂದು ಹೆಂಡತಿಗೆ ಹೇಳಿ ಪಾಳಿಗೆ ಹೊರಟ. ಸೊಸೆ ಭಾನುಪ್ರಿಯಾ ಒಂದು ಬಕೆಟ್ಟು ನೀರು, ಹಳೇ ಲುಂಗಿಯ ತುಂಡು ಹಿಡಿದು ಹೊರಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲವೆಂದು ಪಾಪಕ್ಕ ಎದ್ದು ಹುಡುಕಿಕೊಂಡು ಹೋದಳು. ಬಕೆಟ್ಟು ಗರಡಿಯ ಬಾಗಿಲ ಮುಂದಿತ್ತು. ಒಳಗೆ ಒರೆಸುವ ಸದ್ದು.

"ಭಾನೂ" ಎಂದಳು ಪಾಪಕ್ಕ. ಮತ್ತೆ ಕರೆದಳು. "ಲೇ ಭಾನೂ, ಎಲ್ಲಿದ್ದೀಯೇ?"

ಭಾನುಪ್ರಿಯಾ ಬಗ್ಗಿ ಬಾಗಿಲಲ್ಲಿ ತಲೆ ಹಾಕಿದಳು. ಹಣೆಯ ಬೆವರು ಒರೆಸಿಕೊಂಡಳು. "ಇಲ್ಲೇ ಇದೀನಿ ಅತ್ತೆ. ಮಿಷನ್ ಒರೆಸ್ತಾ ಇದೀನಿ. ಹದಿನೈದು ದಿನದಿಂದ ಧೂಳು ಹಿಡಿದೋಗಿದೆ."

"ಅದರೊಳಗೆ ನೀನು ಹೋಗ್ಬಹುದೇನೇ?"

"ವಾರಕ್ಕೆರಡು ಸಲ ಮಧ್ಯಾಹ್ನ ನಾನೇ ಅಲ್ವಾ ಒರೆಸೋದು. ಮಿಷನ್ ಬಂದಾಗಿನಿಂದ." ಭಾನುಪ್ರಿಯಾಳಿಗೆ ಅತ್ತೆಯ ಮುಖ ಕಂಡು ಅನುಮಾನವಾಯಿತು. ಮಾತು ನಿಧಾನವಾಯಿತು. "ಮಣ್ಣೇ ಇಲ್ವಲ್ಲ ಅತ್ತೆ. ನೀವು ಆಸ್ಪತ್ರೇಲಿದ್ದಾಗಲೇ ಇವ್ರು ಮಣ್ಣೆಲ್ಲ ಅಗೆಸಿ ಹೊರಗೆ ಹಾಕ್ಸಿ ಸಿಮೆಂಟ್ ಮಾಡ್ಸಿದ್ರು. ಆಂಜನೇಯನ ಪಟಾನೂ ಗುಡಿಗೆ ಕೊಟ್ಟಾಯ್ತು. ಇನ್ನೆಲ್ಲಿ ಗರಡಿ?"

"ನಿಮ್ಮ ಮಾವಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಮೊದಲನೇ ದಿನ ಬಂದು ನೋಡಿ ಅತ್ತುಬಿಟ್ರು. ಆಮೇಲೆ ಸರಿಹೋದ್ರು. ನೀವು ಇಲ್ದಿದ್ದಾಗ ಅವ್ರು ಸೈಕಲ್ ತುಳೀತಿದ್ರೆ ನಾನು ಪಕ್ಕದಲ್ಲೇ ಒರೆಸ್ತಿದ್ದೆ. ನೀವು ಸೊಸೈಟಿಗೆ ಅಕ್ಕಿ ತರೋಕೆ ಹೋದ ದಿನಗಳಲ್ಲಿ ನಾನೇ ತಾನೇ ಕರ್ಕೊಂಡು ಬರ್ತಿದ್ದದ್ದು."

ಪಾಪಕ್ಕ ತಲೆ ತಗ್ಗಿಸಿದಳು. ಬಾಗಿಲು ಅಷ್ಟು ಕುಳ್ಳಾಗಿತ್ತು, ತಗ್ಗಿಸದೆ ವಿಧಿಯಿರಲಿಲ್ಲ. ಒಳಗೆ ಹೋದಳು. ಅಡ್ಡಗೋಡೆ ದಾಟಿದರೆ ಬೂದುಬಣ್ಣದ ಸಿಮೆಂಟು ನೆಲ, ರಬ್ಬರಿನ ಚಾಪೆ, ಗೋಡೆಯ ತುಂಬ ಕನ್ನಡಿ. ಅವಳು ಎಷ್ಟೋ ದಿನ ಕಿವಿಯಲ್ಲಿ ಕಂಡಿದ್ದ ಸೈಕಲ್ಲು ಕಿಟಕಿಯ ಕೆಳಗಿತ್ತು. ಭಾರ ಎತ್ತುವ ಬೆಂಚು ಅಡ್ಡಗೋಡೆಗೆ ಒತ್ತಿಕೊಂಡೇ ಇತ್ತು. ಅವಳು ಜಗಲಿಯ ಮೇಲೆ ಕೂರುತ್ತಿದ್ದ ಜಾಗಕ್ಕೂ ಅದಕ್ಕೂ ನಡುವೆ ಇದ್ದದ್ದು ಎರಡು ಗೋಡೆಗಳು ಮಾತ್ರ. ಗಂಡನ ಮೇಲೆ ಅವಳಿಗೆ ಬಂದ ಸಿಟ್ಟು ಅವನು ಬದುಕಿದ್ದಾಗ ಒಂದು ದಿನವೂ ಬಂದಿರಲಿಲ್ಲ. ಎದುರಿಗಿದ್ದಿದ್ದರೆ ಕೆನ್ನೆಗೆ ಹೊಡೆದುಬಿಡುತ್ತಿದ್ದಳು. ಮಣ್ಣು ಹೋಯಿತು, ಪಟ ಹೋಯಿತು, ಅರ್ಧ ಮೈ ಹೋಯಿತು. ಅವನು ಉಸ್ತಾದನಾಗಿ ಉಳಿದಿದ್ದದ್ದು ಹೊರಗೆ ಜಗಲಿಯ ಮೇಲೆ ಕೂತವಳೊಬ್ಬಳ ಪಾಲಿಗೆ. ಅಷ್ಟನ್ನೂ ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

"ನಂಗ್ಯಾಕೆ ಒಬ್ರೂ ಹೇಳ್ಲಿಲ್ಲ?" ಅಂದಳು.

ಭಾನುಪ್ರಿಯಾ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಾ ನಿಂತಳು. ಅವಳಿಗೆ ಈಗ ಎಲ್ಲ ಅರ್ಥವಾಗಿತ್ತು.

"ನಿಮಗೆ ಹೊರಗೆ ಗಾಳಿಗೆ ಕೂತ್ಕೊಳ್ಳೋದು ಹಿತ ಅಂದ್ಕೊಂಡಿದ್ದೆ ಅತ್ತೆ" ಅಂದಳು.